ಮೆಡಿಕಲ್‌ನೋರು "ಅದೆಲ್ಲ ನಾವು ಇಡಲ್ಲಮ್ಮ" ಅಂದ್ರೆ ಏನ್ ಮಾಡ್ಬೇಕು

ಈಗ್ಲೇ ತುರ್ತು ಗರ್ಭನಿರೋಧಕ ಮಾತ್ರೆ (ಸೆಕ್ಸ್ ಆದ್ಮೇಲೆ ಬಸಿರಾಗದಂಗೆ ತಗೊಳ್ಳೋದು) ಬೇಕಾಗಿ ಇದನ್ನ ಓದ್ತಿದ್ರೆ ಕೆಳಗಿರೋ ಕಾನೂನು ಪುರಾಣ ಆಮೇಲೆ ಓದ್ಕೊಳ್ಳಿ, ಮೊದಲು ಫೋನ್ ತಗೊಂಡು ಹತ್ರದ ಮೂರ್ನಾಲ್ಕು ಮೆಡಿಕಲ್ ಶಾಪಿಗೆ ಕಾಲ್ ಮಾಡಿ "ಲೆವೊನಾರ್ಜೆಸ್ಟ್ರೆಲ್ ಒಂದೂವರೆ ಮಿಲಿಗ್ರಾಂ ಇದೆಯಾ" ಅಂತ ಕೇಳಿ. ಹಂಗೆ ಗೊತ್ತಾಗ್ಲಿಲ್ಲ ಅಂದ್ರೆ ಐ-ಪಿಲ್ ಅಥ್ವಾ ಅನ್‌ವಾಂಟೆಡ್-72 ಅನ್ನಿ, ಗೊತ್ತಾಗುತ್ತೆ. ಸೆಕ್ಸ್ ಆದ್ಮೇಲೆ 72 ಗಂಟೆ ಟೈಮಿದೆ ಅಂತ ಬಾಕ್ಸ್ ಮೇಲಿದ್ರೂ ನಾಳಿದ್ದು ನೋಡಣ ಅನ್ಬೇಡಿ, ಈ ಮಾತ್ರೆ ಮಾಡೋ ಕೆಲಸ ಅಂಡ ಹೊರಗೆ ಬರೋದನ್ನ ಮುಂದೂಡೋದು, ನೀವು ಕಾಯ್ತಾ ಕೂತಾಗ ಅಂಡ ಬಂದೇಬಿಟ್ರೆ ಮಾತ್ರೆ ನುಂಗಿ ಏನೂ ಪ್ರಯೋಜನ ಇಲ್ಲ.

ಅಂಗಡಿಗೆ ಹೋಗೋಕೆ ಮುಂಚೆ ಫೋನ್ ಮಾಡಿ ಅಂತ ಯಾಕ್ ಹೇಳ್ತಿದ್ದೀನಿ ಅಂದ್ರೆ, ನನ್ ಫ್ರೆಂಡ್ ಒಬ್ಳು ಒಂದು ತಾಲೂಕು ಸೆಂಟರ್‌ನಲ್ಲಿ ಭಾನುವಾರ ಮಧ್ಯಾಹ್ನ ಬಿಸಿಲಲ್ಲಿ ಸುತ್ತಾಡಿದ್ಲು. ಮೊದಲನೇ ಅಂಗಡಿಲಿ "ಅದೆಲ್ಲ ನಾವು ಇಡಲ್ಲಮ್ಮ", ಎರಡನೇದ್ರಲ್ಲಿ "ಡಾಕ್ಟ್ರ ಚೀಟಿ ಇದ್ಯಾ, ಇಲ್ಲಾಂದ್ರೆ ಯಜಮಾನ್ರನ್ನ ಕಳಿಸಿ" (ಅವಳಿಗೆ ಮದುವೇನೇ ಆಗಿಲ್ಲ), ಮೂರನೇದು ಬಾಗಿಲು ಹಾಕಿತ್ತು, ನಾಲ್ಕನೇದ್ರಲ್ಲಿ ಸಿಕ್ತು ಆದ್ರೆ ಆ ಅಂಕಲ್ ಅದನ್ನ ಹಳೇ ನ್ಯೂಸ್‌ಪೇಪರಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಅದನ್ನ ಕಪ್ಪು ಕವರ್‌ಗೆ ಹಾಕಿ, ಏನೋ ಕದ್ದ ಮಾಲು ಕೊಟ್ಟಂಗೆ ಕೊಟ್ರಂತೆ.

ಚೀಟಿ ಕೇಳಿದ್ರೆ ಹೆದರ್ಬೇಡಿ. ನಮ್ ದೇಶದಲ್ಲಿ 2005ರಿಂದ ಈ ಮಾತ್ರೆಗೆ ಡಾಕ್ಟ್ರ ಚೀಟಿ ಬೇಕಾಗಿಲ್ಲ. ಗಂಡನೂ ಬೇಕಾಗಿಲ್ಲ. ಬಹಳ ಅಂಗಡಿಯೋರು ಇದನ್ನ ಅಬಾರ್ಷನ್ ಮಾತ್ರೆ ಅಂದ್ಕೊಂಡು ಕನ್‌ಫ್ಯೂಸ್ ಆಗ್ತಾರೆ, ಅವ್ರದ್ದು ಪೂರ್ತಿ ತಪ್ಪೂ ಅಲ್ಲ ಬಿಡಿ, ಹೆಸರುಗಳೇ ಹಂಗಿವೆ. ಅನ್‌ವಾಂಟೆಡ್-72 ಅಂದ್ರೆ ನಮಗೆ ಬೇಕಾಗಿರೋದು. ಅನ್‌ವಾಂಟೆಡ್ ಕಿಟ್ ಅಂದ್ರೆ ಅಬಾರ್ಷನ್‌ದು, ಅದಕ್ಕೆ ಚೀಟಿ ಬೇಕೇಬೇಕು, ಡಾಕ್ಟ್ರಿಲ್ದೆ ಅದನ್ನ ಮುಟ್ಟಲೇಬೇಡಿ. ಇನ್ನು ಅನ್‌ವಾಂಟೆಡ್-21 ದಿನಾ ತಗೊಳ್ಳೋ ಗರ್ಭನಿರೋಧಕ. ಮೂರೂ ಒಂದೇ ಕಂಪನಿದು, ಗಡಿಬಿಡಿಲಿ ಯಾರಿಗ್ ತಾನೆ ತಲೆ ಓಡುತ್ತೆ, ಅದಕ್ಕೇ ಕೌಂಟರ್ ಬಿಟ್ಟು ಹೊರಡೋ ಮುಂಚೆ ಪೇಪರ್ ಬಿಚ್ಚಿ ಬಾಕ್ಸ್ ಮೇಲೆ ಏನಿದೆ, ಎಕ್ಸ್‌ಪೈರಿ ಯಾವತ್ತು ನೋಡ್ಕೊಂಡೇ ದುಡ್ಡು ಕೊಡಿ, ಬಿಲ್ಲೂ ಇಸ್ಕೊಳ್ಳಿ.

ಈಗ ಕಾನೂನು. ಔಷಧಿ ಬೆಲೆ ನಿಯಂತ್ರಣ ಆದೇಶ 2013 ಅಂತ ಒಂದಿದೆ, ಅದರ 28ನೇ ಪ್ಯಾರಾದಲ್ಲಿ ಅಂಗಡಿಯವನ ಹತ್ರ ಇರೋ ಔಷಧಿನ ಕೊಳ್ಳೋಕೆ ಬಂದ ಗಿರಾಕಿಗೆ ಕೊಡಲ್ಲ ಅನ್ನೋ ಹಂಗಿಲ್ಲ ಅಂತಿದೆ. ಸೋ ಕೇಳೋ ರೀತಿ ಮುಖ್ಯ: "ಕೊಡ್ತೀರಾ" ಅಂತ ಕೇಳ್ಬೇಡಿ, "ಸ್ಟಾಕ್ ಇದೆಯಾ ಇಲ್ವಾ" ಅಂತ ಕೇಳಿ. ಇದೆ ಆದ್ರೆ ಕೊಡಲ್ಲ ಅಂದ್ರೆ ಅದು ತಪ್ಪು, ನೇರವಾಗಿ ಹಂಗೇ ಹೇಳಿ. ಆದ್ರೆ ಅವರು ಬುದ್ಧಿವಂತರಾಗಿ "ಇಲ್ಲ" ಅಂದುಬಿಟ್ರೆ? ಅಲ್ಲೇ ಇರೋದು ತೂತು. ಇದ್ರೆ ಕೊಡಲೇಬೇಕು, ಆದ್ರೆ ಇಡಲೇಬೇಕು ಅನ್ನೋ ರೂಲ್ ಇಲ್ಲ.

ನನ್ ಪ್ರಕಾರ ಇಡಲೇಬೇಕು ಅಂತ ಸರ್ಕಾರ ಹೇಳ್ಬೇಕು. ಪ್ರೈವೇಟ್ ವ್ಯಾಪಾರಿ ಏನಿಡ್ಬೇಕು ಅಂತ ಸರ್ಕಾರ ಯಾಕ್ ಹೇಳ್ಬೇಕು ಅಂತ ಕೇಳೋರಿದ್ದಾರೆ, ಸರಿ, ಆದ್ರೆ ಮೆಡಿಕಲ್ ಶಾಪ್ ಅನ್ನೋದು ಬಳೆ ಅಂಗಡಿ ಅಲ್ವಲ್ಲ, ಲೈಸೆನ್ಸ್ ಕೊಟ್ಟು, ಬೇರೆಯೋರ್ಯಾರೂ ಔಷಧಿ ಮಾರೋ ಹಂಗಿಲ್ಲ ಅಂತ ಮಾಡಿರೋದೇ ಸರ್ಕಾರ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2007ರಲ್ಲಿ ಇಂಥದ್ದೇ ರೂಲ್ ತಂದ್ರು, ಒಲಿಂಪಿಯಾ ಊರಿನ ಒಂದು ಅಂಗಡಿಯೋರು ನಮ್ ಧರ್ಮಕ್ಕೆ ವಿರುದ್ಧ ಅಂತ ಕೋರ್ಟಿಗೆ ಹೋದ್ರು, 2015ರಲ್ಲಿ ಮೇಲ್ಮನವಿ ಕೋರ್ಟ್ ರೂಲ್ ಸರಿ ಅಂತು, 2016ರಲ್ಲಿ ಸುಪ್ರೀಂ ಕೋರ್ಟ್ ಕೇಸ್ ತಗೊಳ್ಳಲೇ ಇಲ್ಲ. ಅಲ್ಲಿ ಮನಸ್ಸಿಗೆ ಒಪ್ಪದ ಫಾರ್ಮಸಿಸ್ಟ್ ತಾನು ಕೊಡ್ದೇ ಇರಬಹುದು, ಆದ್ರೆ ಅಂಗಡಿಲಿ ಇನ್ನೊಬ್ರು ಕೊಡ್ಬೇಕು, ಗಿರಾಕಿ ಬರಿಗೈಲಿ ಹೋಗ್ಬಾರ್ದು. ನಮ್ ಕಡೆ ಧರ್ಮಕ್ಕಿಂತ ಜಾಸ್ತಿ ಇರೋದು ಮುಜುಗರ, ಜೊತೆಗೆ ಡ್ರಗ್ಸ್ ಇನ್ಸ್‌ಪೆಕ್ಟರ್ ಬಂದ್ರೆ ಯಾಕ್ ತಲೆನೋವು ಅನ್ನೋ ಭಯ. ಪಕ್ಕದ ತಮಿಳುನಾಡಲ್ಲಿ ಹಂಗೇ ಆಗಿರೋದು, ಕಾಗದದ ಮೇಲೆ ಬ್ಯಾನ್ ಇಲ್ಲ, ಆದ್ರೂ ಬಹಳ ಅಂಗಡಿಗಳಲ್ಲಿ ಸಿಗಲ್ಲ. ಹೊಸೂರು ಕಡೆ ಕೆಲಸಕ್ಕೆ ಹೋಗೋರು ಅತ್ತಿಬೆಲೆ ದಾಟೋ ಮುಂಚೆನೇ ತಗೊಂಡುಬಿಡಿ.

ರೂಲ್ ಬರೋ ತನಕ ನಮ್ ದಾರಿ ನಾವು ನೋಡ್ಕೋಬೇಕಲ್ಲ. ಹಳ್ಳಿ ಕಡೆ ಇದ್ರೆ ಆಶಾ ಅಕ್ಕನ್ನ ಕೇಳಿ, ಸರ್ಕಾರದ ಸಪ್ಲೈ ಅವರ ಹತ್ರ ಇರುತ್ತೆ, ಮನೆಗೇ ತಂದುಕೊಡೋ ಸ್ಕೀಮಲ್ಲಿ ಒಂದು ಪ್ಯಾಕಿಗೆ ಬರೀ 2 ರೂಪಾಯಿ ಅಂತ ಇಟ್ಟಿದ್ರು. ಆಶಾ ಅಕ್ಕ ನಮ್ಮ ಅತ್ತೆಗೇ ದೋಸ್ತಿ ಅನ್ನೋರು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಇನ್ನೊಂದು ಅನುಕೂಲ ಇದೆ, ಐದು ದಿನದ ಒಳಗೆ ಕಾಪರ್-ಟಿ ಹಾಕಿಸ್ಕೊಂಡ್ರೆ ಅದು ಮಾತ್ರೆಗಿಂತ ಗಟ್ಟಿ ಕೆಲಸ ಮಾಡುತ್ತೆ, ಫ್ರೀ ಕೂಡ. ದಪ್ಪ ಇರೋರಿಗೆ, ಟಿಬಿಗೆ ರಿಫಾಂಪಿಸಿನ್ ತಗೊಳ್ಳೋರಿಗೆ, ಫಿಟ್ಸ್‌ಗೆ ಕಾರ್ಬಮಜೆಪಿನ್ ಥರದ ಮಾತ್ರೆ ತಗೊಳ್ಳೋರಿಗೆ ಈ ಮಾತ್ರೆ ಅಷ್ಟು ಚೆನ್ನಾಗಿ ಹತ್ತಲ್ಲ, ಅವರು ಡಾಕ್ಟ್ರನ್ನ ಕೇಳೋದೇ ಒಳ್ಳೇದು. ಬಲವಂತದಿಂದ ಆಗಿದ್ರೆ ಯಾವ ಆಸ್ಪತ್ರೆ ಆದ್ರೂ, ಪ್ರೈವೇಟ್ ಆದ್ರೂ ಸರಿ, ದುಡ್ಡು ಕೇಳ್ದೆ ತಕ್ಷಣ ಚಿಕಿತ್ಸೆ ಕೊಡಲೇಬೇಕು.

ತಗೊಂಡ ಮೇಲೆ ಎರಡು ಗಂಟೆ ಒಳಗೆ ವಾಂತಿ ಆದ್ರೆ ಇನ್ನೊಂದು ತಗೋಬೇಕು. ತಲೆಸುತ್ತು, ಹೊಟ್ಟೆ ತೊಳೆಸೋದು, ಸ್ವಲ್ಪ ಸ್ಪಾಟಿಂಗ್ ಇವೆಲ್ಲ ಆಗಬಹುದು. ಮುಟ್ಟು ಒಂದು ವಾರಕ್ಕಿಂತ ಜಾಸ್ತಿ ಲೇಟಾದ್ರೆ ಟೆಸ್ಟ್ ಕಿಟ್ ತನ್ನಿ. ಇವತ್ತು ತಗೊಂಡ ಮಾತ್ರೆ ನಾಳೆದಕ್ಕೆ ರಕ್ಷಣೆ ಕೊಡಲ್ಲ, ಎಚ್‌ಐವಿಗಂತೂ ಸಂಬಂಧನೇ ಇಲ್ಲ.

ಕೊನೇದು ಕಂಪ್ಲೇಂಟ್. ಇದ್ದೂ ಕೊಡ್ಲಿಲ್ಲ ಅಂದ್ರೆ ಅಂಗಡಿ ಹೆಸರು, ಗೋಡೆ ಮೇಲೆ ತೂಗಿಹಾಕಿರೋ ಲೈಸೆನ್ಸ್ ನಂಬರ್, ದಿನ, ಟೈಮು, ಅವರು ಆಡಿದ ಮಾತು ಹಂಗ್ ಹಂಗೇ ಬರ್ಕೊಂಡು ಜಿಲ್ಲೆಯ ಡ್ರಗ್ಸ್ ಇನ್ಸ್‌ಪೆಕ್ಟರಿಗೆ ಕೊಡಿ, ಔಷಧಿ ಬಗ್ಗೆ ಆನ್‌ಲೈನಲ್ಲಿ ದೂರು ಹಾಕೋಕೆ ಇರೋ ಕೇಂದ್ರದ ಫಾರ್ಮಾ ಜನ್ ಸಮಾಧಾನ್‌ನಲ್ಲೂ ಹಾಕಿ. ಊರಲ್ಲಿ ಎಲ್ಲೂ ಸಿಗ್ತಿಲ್ಲ ಅಂದ್ರೆ ಔಷಧಿ ಅಭಾವ ಅಂತ ಹಾಕಬಹುದು. ಆದ್ರೆ ಅದಕ್ಕೂ ಮುಂಚೆ ಒಂದ್ಸಲ ಅಂಗಡಿಯೋರಿಗೇ "ಎರಡು ಪ್ಯಾಕ್ ತರಿಸಿಡಿ ಅಂಕಲ್, ಚೀಟಿ ಬೇಡ ಇದಕ್ಕೆ" ಅಂತ ಹೇಳಿ ನೋಡಿ. ನನ್ ಫ್ರೆಂಡ್‌ಗೆ ಇಡಲ್ಲ ಅಂದಿದ್ದ ಆ ಮೊದಲನೇ ಅಂಗಡಿಗೆ ನಾನೇ ಹೋಗಿ ಹಂಗೆ ಹೇಳಿ ಬಂದಿದ್ದೆ, ಒಂದು ತಿಂಗಳು ಬಿಟ್ಟು ಹೋದಾಗ ಇತ್ತು. ಪೇಪರ್ ಸುತ್ತೋಕೆ ಕೈ ಹಾಕಿದ್ರು, ಬೇಡ ಅಂಕಲ್ ಹಂಗೇ ಕೊಡಿ ಅಂದೆ. ಆದ್ರೂ ಸುತ್ತೇ ಕೊಟ್ರು.