ಬುಲೆಟ್ಟಿನ ಕ್ಯಾಮಿಗೆ ಕೊನೇ ಪಂಕ್ತಿಯ ಊಟ

ಹಳೇ ಎರಕದ ಕಬ್ಬಿಣದ ಇಂಜಿನ್ನಿನ ಬುಲೆಟ್ 350 ಇಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. 1955ರಲ್ಲಿ ಮದ್ರಾಸಿನಲ್ಲಿ ಜೋಡಣೆ ಶುರುವಾದ ಅದೇ 346 ಸಿಸಿ ಇಂಜಿನ್, 70 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕ್. ಇದರ ಕ್ಯಾಮ್, ಅಂದರೆ ತಿರುಗುತ್ತಾ ತನ್ನ ಮೂಗಿನಂಥ ಉಬ್ಬಿನಿಂದ ವಾಲ್ವ್ ತೆರೆಸುವ ಭಾಗ, ಆಯಿಲ್ ಸಾಲದೆ ಸವೆಯುತ್ತದೆ. ಮೈಸೂರಿನ ಹಳೇ ಜಾವಾ, ಯೆಜ್ಡಿ ಇರುವವರಿಗೆ ಈ ತಲೆನೋವಿಲ್ಲ. ಅವು ಟೂ ಸ್ಟ್ರೋಕ್, ಒಳಗೆ ಕ್ಯಾಮೇ ಇಲ್ಲ.

ಬುಲೆಟ್ಟಿನಲ್ಲಿ ಕ್ಯಾಮಿಗೆ ಅಂತಲೇ ಪ್ರೆಶರ್ ಆಯಿಲ್ ಲೈನ್ ಇಲ್ಲ. ಇದು ಮೊದಲು ತಲೆಗೆ ಹೋಗಬೇಕಾದ ವಿಷಯ. ಪಂಪಿನಿಂದ ಹೊರಟ ಆಯಿಲ್ ಬಿಗ್ ಎಂಡಿಗೆ, ಅಂದರೆ ಪಿಸ್ಟನ್ನಿನ ರಾಡ್ ಕ್ರ್ಯಾಂಕಿಗೆ ಸೇರುವ ಜಾಗಕ್ಕೆ ಹೋಗುತ್ತದೆ, ಹೊರಗಿನ ಸಣ್ಣ ಪೈಪಿನಲ್ಲಿ ಹೆಡ್ಡಿನೊಳಗೆ ವಾಲ್ವ್ ಒತ್ತುವ ರಾಕರ್‌ಗೆ ಹೋಗುತ್ತದೆ. ರಾಕರ್ ನೆನೆದ ಮೇಲೆ, ಕೆಳಗಿನಿಂದ ರಾಕರನ್ನು ತಳ್ಳುವ ಪುಶ್ ರಾಡ್ ಗುಂಟ ಇಳಿದು ಬಂದಿದ್ದು, ಟೈಮಿಂಗ್ ಗೇರುಗಳು ಎರಚಿದ್ದು, ಅಷ್ಟೇ ಕ್ಯಾಮಿನ ಪಾಲು. ಮದುವೆ ಮನೆಯಲ್ಲಿ ಕೊನೇ ಪಂಕ್ತಿಗೆ ಕೂತವರ ಹಾಗೆ. ಮೇಲೆ ಎಲ್ಲಾದರೂ ಕಟ್ಟಿಕೊಂಡರೆ ಮೊದಲು ಉಪವಾಸ ಬೀಳುವುದು ಕ್ಯಾಮ್ ಮತ್ತು ಅದರ ಮೇಲೆ ಉಜ್ಜುತ್ತಾ ಪುಶ್ ರಾಡ್ ಎತ್ತುವ ಟ್ಯಾಪೆಟ್.

ಹಾಗಾಗಿ ದುಬಾರಿ ಆಯಿಲ್ ಡಬ್ಬ ತರುವ ಮೊದಲು ಆಯಿಲ್ ಮೇಲೆ ತಲುಪುತ್ತಿದೆಯಾ ಅಂತ ನೋಡಿ. ಇಂಜಿನ್ ಚಾಲು ಮಾಡಿ, ಹೆಡ್ಡಿನ ಮೇಲೆ ಪೈಪ್ ಸೇರುವ ಜಾಗದ ಬ್ಯಾಂಜೋ ಬೋಲ್ಟನ್ನು (ಆಯಿಲ್ ಹಾಯುವ ತೂತಿರುವ ಬೋಲ್ಟ್) ಸ್ವಲ್ಪ ಸಡಿಲಿಸಿ. ಆಯಿಲ್ ಜಿನುಗಿ ಬರಬೇಕು. ಬರಲಿಲ್ಲವೆಂದರೆ ತಕ್ಷಣ ಆಫ್ ಮಾಡಿ. ನನ್ನ ಗಾಡಿಯಲ್ಲಿ ಒಮ್ಮೆ ಹೀಗೇ ಆಯಿತು. ಹೆಡ್ ಬಿಚ್ಚಿ ಕೂರಿಸಿದವರು ಸಿಲಿಕೋನ್ ಗಮ್ಮನ್ನು ಧಾರಾಳವಾಗಿ ಬಳಿದಿದ್ದರು, ಅದರ ಒಂದು ಎಳೆ ಬ್ಯಾಂಜೋ ತೂತಿನಲ್ಲಿ ಕೂತಿತ್ತು. ನನಗೆ ಗೊತ್ತಾಗುವಷ್ಟರಲ್ಲಿ ಎಕ್ಸಾಸ್ಟ್ ಟ್ಯಾಪೆಟ್ಟಿನ ತಳದಲ್ಲಿ ಗುಳಿ ಬಿದ್ದಿತ್ತು. ಅಂದಿನಿಂದ ಆ ಗಮ್ ಬಳಸುವಾಗ ನಾನೇ ಪಕ್ಕದಲ್ಲಿ ನಿಲ್ಲುತ್ತೇನೆ. ಪೈಪ್ ಮತ್ತು ಬ್ಯಾಂಜೋ ತೂತು ಕ್ಲೀನಿದ್ದೂ ಆಯಿಲ್ ಬರದಿದ್ದರೆ ಟೈಮಿಂಗ್ ಕವರ್ ಬಿಚ್ಚಿ ಪಂಪ್ ನೋಡಬೇಕು. ಪಂಪನ್ನು ತಿರುಗಿಸುವುದು ಕ್ರ್ಯಾಂಕಿನ ತುದಿಯ ವರ್ಮ್, ಅಂದರೆ ಸ್ಕ್ರೂ ಥರದ ಗೇರು. ಅದರದು ಉಲ್ಟಾ ಥ್ರೆಡ್, ಮರೆತು ಜೋರು ಹಾಕಿ ಹಾಳು ಮಾಡಬೇಡಿ.

ಈಗ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ವಿಷಯ. ಹೆಚ್ಚಿನ ಸವೆತ ಆಗುವುದು ಇಲ್ಲೇ. ನಿಂತ ಗಾಡಿಯಲ್ಲಿ ಕ್ಯಾಮಿನ ಮೇಲಿನ ಆಯಿಲ್ ಇಳಿದು ಹೋಗಿರುತ್ತದೆ, ನಾವು ಕಿಕ್ ಹೊಡೆದು ಸ್ಟಾರ್ಟ್ ಮಾಡುತ್ತೇವೆ, ಆಯಿಲ್ ಹೆಡ್ಡಿಗೆ ಹತ್ತಿ ಮತ್ತೆ ಕೆಳಗಿಳಿಯುವವರೆಗೆ ಲೋಹಕ್ಕೆ ಲೋಹ ಉಜ್ಜುತ್ತಲೇ ಇರುತ್ತದೆ. ಬುಲೆಟ್ಟಿನಲ್ಲಿ ಇದಕ್ಕೆ ಸುಲಭದ ದಾರಿ ಇದೆ. ಬಲಗಡೆ ಬ್ಯಾರೆಲ್ಲಿನ ಬುಡದಲ್ಲಿ ಟ್ಯಾಪೆಟ್ ಕವರ್ ಇದೆಯಲ್ವಾ, ಅದನ್ನು ತೆಗೆಯಿರಿ. ಒಂದೆರಡು ಚಮಚ ಆಯಿಲನ್ನು ಟ್ಯಾಪೆಟ್‌ಗಳ ಮೇಲೆ ಬಿಡಿ. ಅಲ್ಲಿಂದ ನೇರ ಕ್ಯಾಮಿನ ಕಡೆಗೇ ಇಳಿಯುತ್ತದೆ. ಕವರ್ ಮುಚ್ಚಿ, ಕೀ ಆಫ್ ಇಟ್ಟು, ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡಿಸುವ ಲಿವರ್) ಹಿಡಿದುಕೊಂಡು ಇಪ್ಪತ್ತು ಮೂವತ್ತು ಸಲ ನಿಧಾನಕ್ಕೆ ಕಿಕ್ ಮಾಡಿ. ಆಮೇಲೆ ಸ್ಟಾರ್ಟ್. ಐದು ನಿಮಿಷದ ಕೆಲಸ.

ಸ್ಟಾರ್ಟ್ ಆದ ಮೇಲೆ ಡುಗ್ ಡುಗ್ ಕೇಳುತ್ತಾ ಹತ್ತು ನಿಮಿಷ ಐಡ್ಲಿಂಗಿನಲ್ಲಿ ಬಿಡಬೇಡಿ. ಆ ಸದ್ದು ನನಗೂ ಇಷ್ಟ, ಆದರೆ ಕ್ಯಾಮಿಗೆ ಅದೇ ಕಷ್ಟದ ಹೊತ್ತು. ಇಂಜಿನ್ ನಿಧಾನ ತಿರುಗುವಾಗ ವಾಲ್ವ್ ಸ್ಪ್ರಿಂಗಿನ ಪೂರ್ತಿ ಒತ್ತಡ ಕ್ಯಾಮಿನ ಮೂಗಿನ ಮೇಲೆ ಬೀಳುತ್ತದೆ. ಆರ್‌ಪಿಎಂ ಏರಿದಾಗ ವಾಲ್ವಿನ ಓಟದಿಂದಲೇ ಮೂಗಿನ ಮೇಲಿನ ಭಾರ ಸ್ವಲ್ಪ ಇಳಿಯುತ್ತದೆ, ಎರಚುವ ಆಯಿಲೂ ಜಾಸ್ತಿಯಾಗುತ್ತದೆ. ಅದಕ್ಕೆ ಅರ್ಧ ಒಂದು ನಿಮಿಷ ಬಿಟ್ಟು ಗಾಡಿ ಹೊರಡಿಸಿ, ಬಿಸಿಯಾಗುವವರೆಗೆ ಮೆತ್ತಗೆ ಓಡಿಸಿ.

ಆಯಿಲ್ ಯಾವುದು? ನಮ್ಮ ಹವೆಗೆ 20ಡಬ್ಲ್ಯೂ-50 ಎಂಬ ದಪ್ಪ ಗ್ರೇಡ್ ಸಾಕು. ಗ್ರೇಡಿನಷ್ಟೇ ಮುಖ್ಯವಾದದ್ದು ಒಳಗಿನ ಝಿಂಕ್ ಮತ್ತು ಫಾಸ್ಫರಸ್, ಅಂದರೆ ಝಡ್‌ಡಿಡಿಪಿ ಎಂಬ ಸೇರಿಕೆ. ಆಯಿಲ್ ಪದರ ಹರಿದು ಲೋಹಗಳು ಮುಟ್ಟುವ ಜಾಗದಲ್ಲಿ, ಬಿಸಿ ಮತ್ತು ಒತ್ತಡಕ್ಕೆ ಇದು ಗಾಜಿನಂಥ ತೆಳು ಪೊರೆ ಕಟ್ಟುತ್ತದೆ. ಲೋಹದ ಬದಲು ಆ ಪೊರೆ ಸವೆಯುತ್ತದೆ, ಮತ್ತೆ ಕಟ್ಟುತ್ತದೆ. ಫಾಸ್ಫರಸ್ಸಿನಿಂದ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ ಅಂತ ಹೊಸ ಕಾರುಗಳ ತೆಳು ಆಯಿಲ್‌ಗಳಲ್ಲಿ, 5ಡಬ್ಲ್ಯೂ-30 ಥರದವುಗಳಲ್ಲಿ, ಅದನ್ನು ಶೇ. 0.08ಕ್ಕೆ ಮಿತಿ ಮಾಡಿದ್ದಾರೆ. ಬೈಕುಗಳ ಜಾಸೋ ಎಂಎ (ಜಪಾನಿನ ಬೈಕ್ ಆಯಿಲ್ ಮಾನದಂಡ) ಗುರುತಿನ ಆಯಿಲ್‌ನಲ್ಲಿ ಶೇ. 0.08ರಿಂದ 0.12 ಇರಬೇಕೆಂಬ ನಿಯಮ. ಹಾಗಾಗಿ ಕಾರಿಗೆ ತಂದು ಮಿಕ್ಕ ಆಯಿಲನ್ನು ಬುಲೆಟ್ಟಿಗೆ ಸುರಿಯಬೇಡಿ, ಡಬ್ಬದ ಹಿಂದೆ ಜಾಸೋ ಎಂಎ ಇದೆಯಾ ನೋಡಿ. ಬೇರೆ ಝಿಂಕ್ ಬಾಟಲಿ ತಂದು ಸೇರಿಸುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಜಾಸ್ತಿಯಾದರೆ ಒಳ್ಳೆಯದೇನೂ ಆಗುವುದಿಲ್ಲ.

ಫಿಲ್ಟರ್ ಬರೀ ಫೆಲ್ಟ್ ಬಟ್ಟೆಯದು, ಸಣ್ಣ ಪುಡಿಯನ್ನೆಲ್ಲ ಹಿಡಿಯುವುದಿಲ್ಲ. ನಾನು 2000 ಕಿ.ಮೀ.ಗೆ ಆಯಿಲ್ ಬದಲಿಸುತ್ತೇನೆ, ಜೊತೆಗೇ ಫಿಲ್ಟರ್, ಕೆಳಗೆ ಆಯಿಲ್ ಇಳಿಸುವ ಪ್ಲಗ್ಗುಗಳ ಜಾಲರಿ ತೊಳೆಯುವುದು. ಫಿಲ್ಟರ್ ಹಾಕುವಾಗ ವಾಷರ್, ಸ್ಪ್ರಿಂಗ್ ಬಂದ ಕ್ರಮದಲ್ಲೇ ಹೋಗಬೇಕು, ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಗಾಡಿಯನ್ನು ಸೈಡ್ ಸ್ಟ್ಯಾಂಡಿಗೆ ವಾಲಿಸಿ ಫಿಲ್ಟರ್ ಕೂರುವ ಗೂಡು ಹಿಡಿಯುವಷ್ಟು ಆಯಿಲ್ ತುಂಬಿಯೇ ಮುಚ್ಚಿ. ಖಾಲಿ ಬಿಟ್ಟರೆ ಅದು ತುಂಬುವವರೆಗೂ ಮುಂದಕ್ಕೆ ಆಯಿಲ್ ಹೋಗುವುದಿಲ್ಲ.

ಟ್ಯಾಪೆಟ್ ಸೆಟಿಂಗ್, ಅಂದರೆ ಟ್ಯಾಪೆಟ್ ಮತ್ತು ಪುಶ್ ರಾಡ್ ನಡುವಿನ ಗ್ಯಾಪ್ ಸರಿಮಾಡುವುದು, ಇಂಜಿನ್ ತಣ್ಣಗಿದ್ದಾಗ, ಎರಡೂ ವಾಲ್ವ್ ಮುಚ್ಚಿರುವಾಗ. ಪುಶ್ ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಸದ್ದು ಕಮ್ಮಿಯಾಗಲಿ ಅಂತ ಬಿಗಿ ಮಾಡಿದರೆ ಟ್ಯಾಪೆಟ್ ಕ್ಯಾಮನ್ನು ಬಿಡುವುದೇ ಇಲ್ಲ, ಆಯಿಲ್ ಒಳಗೆ ನುಗ್ಗಲು ಜಾಗವೂ ಇರುವುದಿಲ್ಲ, ವಾಲ್ವೂ ಸುಡುತ್ತದೆ.

ಇಷ್ಟೆಲ್ಲ ಮಾಡಿಯೂ ಪ್ರತಿ ಐನೂರು ಕಿ.ಮೀ.ಗೆ ಗ್ಯಾಪ್ ಜಾಸ್ತಿಯಾಗುತ್ತಿದ್ದರೆ ಸವೆತ ಆಗಲೇ ಶುರುವಾಗಿದೆ ಅಂತ ಅರ್ಥ. ಆಗ ಕ್ಯಾಮ್ ಮತ್ತು ಟ್ಯಾಪೆಟ್ ಎರಡನ್ನೂ ಒಟ್ಟಿಗೆ ಬದಲಿಸಿ. ಹಳೇ ಟ್ಯಾಪೆಟ್ಟಿನ ಗುಳಿ ಹೊಸ ಕ್ಯಾಮನ್ನೂ ತಿನ್ನುತ್ತದೆ. ಕೂರಿಸುವಾಗ ಕ್ಯಾಮಿನ ಮೂಗಿಗೆ, ಟ್ಯಾಪೆಟ್ಟಿನ ತಳಕ್ಕೆ ಮಾಲಿಬ್ಡಿನಮ್ ಪೇಸ್ಟ್ ಬಳಿಯಿರಿ. ಸ್ಟಾರ್ಟ್ ಆದ ಕೂಡಲೇ ರಸ್ತೆಗೆ ಇಳಿಸಿ, ಆರ್‌ಪಿಎಂ ಏರಿಸುತ್ತಾ ಇಳಿಸುತ್ತಾ ಇಪ್ಪತ್ತು ನಿಮಿಷ ಓಡಿಸಿ ಬನ್ನಿ, ಮತ್ತೆ ಆ ಬಿಸಿ ಆಯಿಲನ್ನು ಪೂರ್ತಿ ಇಳಿಸಿ ಹೊಸದು ಹಾಕಿ.