ಮೊದಲು ಕಿವಿ, ಆಮೇಲೆ ನೆನಪು

ನಾನು ವಾರ್ಡ್ ನರ್ಸ್. ವಯಸ್ಸಾದವರು ಅಡ್ಮಿಟ್ ಆದಾಗ ಅವರ ನೆನಪು, ನಡಿಗೆ, ತೂಕ, ಮಾತ್ರೆ ಎಲ್ಲವನ್ನೂ ಒಂದು ಸಲ ನೋಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸ್ಕ್ರೀನಿಂಗ್ ಅಂತ ಅದಕ್ಕೊಂದು ಫಾರಂ. ಸುಮ್ನೆ ಟಿಕ್ ಹಾಕೋ ಕೆಲಸ ಅಂದುಕೊಂಡಿದ್ದೆ.

ಮೂರನೇ ವಾರದಲ್ಲೇ ಎಡವಿದೆ. ನ್ಯುಮೋನಿಯಾ ಆಗಿ ಬಂದಿದ್ದ ಒಬ್ಬ ಅಜ್ಜಿ. ವಯಸ್ಸೆಷ್ಟು, ಹುಟ್ಟಿದ ತಾರೀಕು ಯಾವುದು, ಈಗ ಎಲ್ಲಿದ್ದೀರಿ, ಇದು ಯಾವ ಇಸವಿ ಅಂತ ಕೇಳಿದೆ. ನಾಲ್ಕಕ್ಕೂ ನಗುತ್ತಾ "ಪರವಾಗಿಲ್ಲಮ್ಮ" ಅಂದರು. ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಹೇಳಿ ಅಂದೆ. ಅದಕ್ಕೂ ಪರವಾಗಿಲ್ಲವೇ. ಸ್ಕೋರ್ 4 ಅಂತ ಬರೆದೆ; ಅಂಕ ಜಾಸ್ತಿಯಾದಷ್ಟೂ ಗೊಂದಲದ ಅನುಮಾನ ಜಾಸ್ತಿ. ರೌಂಡ್ಸ್‌ನಲ್ಲಿ ತಲೆ ಸ್ಕ್ಯಾನ್ ಮಾಡಿಸಬೇಕೇನೋ ಅನ್ನುವ ಮಾತೂ ಬಂತು. ಸಂಜೆ ಮಗಳು ಬಂದವರು ಬ್ಯಾಗಿನಿಂದ ಒಂದು ಪುಟ್ಟ ಡಬ್ಬಿ ತೆಗೆದರು. "ಕಿವಿ ಮಿಷನ್ ಕಳೆದುಹೋಗುತ್ತೆ ಅಂತ ನಾನೇ ತೆಗೆದಿಟ್ಟಿದ್ದೆ ಸಿಸ್ಟರ್." ಮಿಷನ್ ಹಾಕಿದ ಮೇಲೆ ಅಜ್ಜಿ ನಾಲ್ಕಕ್ಕೂ ಸರಿಯಾಗಿ ಉತ್ತರ ಕೊಟ್ಟು, "ನಿಮ್ಮ ಪೆನ್ನು ಲೀಕ್ ಆಗ್ತಿದೆ, ಜೇಬು ನೋಡ್ಕೊಳ್ಳಿ" ಅಂತ ನನಗೇ ಹೇಳಿದರು. ನಿಜವಾಗಿಯೂ ಜೇಬೆಲ್ಲ ನೀಲಿಯಾಗಿತ್ತು.

ಅಂದಿನಿಂದ ಫಾರಂನ ಕ್ರಮ ಬಿಟ್ಟು ನನ್ನದೇ ಕ್ರಮ ಮಾಡಿಕೊಂಡೆ. ಮೊದಲು ಕಿವಿ ಮಿಷನ್, ಕನ್ನಡಕ, ಹಲ್ಲಿನ ಸೆಟ್ ಎಲ್ಲಿದೆ ಅಂತ ವಿಚಾರಿಸುತ್ತೇನೆ. ಮಿಷನ್ ಇಲ್ಲದವರಾದರೆ ಒಂದು ತೋಳಿನಷ್ಟು ದೂರ ಹಿಂದೆ ನಿಂತು, ಒಂದು ಕಿವಿ ಮುಚ್ಚಿಸಿ, ಇನ್ನೊಂದಕ್ಕೆ ಮೂರು ಅಂಕಿ ಪಿಸುಗುಡುತ್ತೇನೆ. ಹಿಂದೆ ಯಾಕೆ ಅಂದರೆ, ಎದುರು ನಿಂತರೆ ತುಟಿ ನೋಡಿ ಹೇಳಿಬಿಡುತ್ತಾರೆ. ಕೇಳಿಸದಿದ್ದರೆ ಗುಗ್ಗೆ ಕಟ್ಟಿದೆಯಾ ನೋಡಿ ಅಂತ ಡಾಕ್ಟರಿಗೆ ಹೇಳುತ್ತೇನೆ. ಎಷ್ಟೋ ಜನರಿಗೆ ಇರೋದು ಅಷ್ಟೇ.

ನೆನಪು, ಗಮನ ನೋಡಲು ನಾವು ಬಳಸುವುದು ಫೋರ್ ಎಟಿ (4AT) ಅನ್ನುವ ಪುಟ್ಟ ಪರೀಕ್ಷೆ. ಎರಡು ನಿಮಿಷ ಸಾಕು. ರೋಗಿ ಎಚ್ಚರವಾಗಿದ್ದಾರಾ ಅಥವಾ ಮಂಪರಿನಲ್ಲಿದ್ದಾರಾ ಅನ್ನೋದು ಮೊದಲನೆಯದು. ಆಮೇಲೆ ಆ ನಾಲ್ಕು ಪ್ರಶ್ನೆ, ಆಮೇಲೆ ಹಿಂದಿನಿಂದ ತಿಂಗಳು. ಕೊನೆಯದು, ಈಚೆಗೆ ಏಕಾಏಕಿ ಬದಲಾಗಿದ್ದಾರಾ ಅನ್ನೋದು. ಒಟ್ಟು 12 ಅಂಕ. 4 ಅಥವಾ ಜಾಸ್ತಿ ಬಂದರೆ ಡೆಲಿರಿಯಂ, ಅಂದರೆ ಏಕಾಏಕಿ ಬರುವ ಮನಸ್ಸಿನ ಗೊಂದಲ, ಇರಬಹುದು. 1ರಿಂದ 3 ಬಂದರೆ ಮೊದಲಿನಿಂದಲೇ ಮರೆವಿದೆಯಾ ಅಂತ ಮುಂದೆ ನೋಡಬೇಕು. ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷಗಟ್ಟಲೆ ಮೆಲ್ಲಗೆ ಬರುತ್ತದೆ. ಡೆಲಿರಿಯಂ ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಬರುತ್ತದೆ, ಅದರ ಹಿಂದೆ ಏನೋ ಒಂದು ಕಾರಣ ಇದ್ದೇ ಇರುತ್ತದೆ.

ಕೂಗಾಡುವವರು, ಡ್ರಿಪ್ ಕೀಳುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ನನಗೆ ಭಯ ಸುಮ್ಮನಿರುವವರದ್ದು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಒಬ್ಬ ಅಜ್ಜನ ಬಗ್ಗೆ ರಾತ್ರಿ ಡ್ಯೂಟಿಯವರು "ಪಾಪ, ತೊಂದರೆನೇ ಕೊಡಲ್ಲ, ಮಲಗಿರ್ತಾರೆ" ಅಂತ ಹೇಳಿಹೋದರು. ಹೋಗಿ ನೋಡಿದರೆ ಊಟದ ತಟ್ಟೆ ಹಾಗೇ ಇತ್ತು. ತಿಂಗಳು ಹೇಳಿ ಅಂದೆ. "ಡಿಸೆಂಬರ್... ನವೆಂಬರ್..." ಅಂದವರ ಕಣ್ಣು ಡ್ರಿಪ್ ಬಾಟಲಿ ಕಡೆ ಹೋಯಿತು, ಮಾತು ಅಲ್ಲಿಗೇ ನಿಂತಿತು. ಅವರ ಮಗನನ್ನು ಕೇಳಿದೆ. "ನಿನ್ನೆಯಿಂದ ಪೇಪರ್ ಮುಟ್ಟಿಲ್ಲ. ದಿನಾ ಮೊದಲು ಅದನ್ನೇ ಕೇಳೋರು." ಈ ಬದಲಾವಣೆ ಒಂದಕ್ಕೇ 4 ಅಂಕ. ಫಾರಂಗಿಂತ ಆ ಪೇಪರಿನ ಮಾತು ನನಗೆ ಹೆಚ್ಚು ಹೇಳಿತು.

ಡಾಕ್ಟರಿಗೆ ತಿಳಿಸಿ, ಸೋಂಕು, ನೋವು, ನೀರಿನಂಶ, ಮಲಬದ್ಧತೆ ಅಂತ ಒಂದೊಂದೇ ನೋಡುತ್ತಾ ಹೋದೆವು. ಹೊಟ್ಟೆಯ ಕೆಳಭಾಗ ಮುಟ್ಟಿದರೆ ಬಿಗಿದುಕೊಂಡಿತ್ತು. ಮೂತ್ರ ಕಟ್ಟಿತ್ತು, ಸ್ಕ್ಯಾನ್‌ನಲ್ಲಿ 800 ಎಂಎಲ್‌ಗೂ ಮೇಲೆ. ಚಾರ್ಟ್ ತಿರುವಿ ಹಾಕಿದಾಗ ಸಿಕ್ಕಿದ್ದು, ತುರಿಕೆಗೆ ಅಂತ ಎರಡು ದಿನದ ಹಿಂದೆ ಶುರುವಾದ ಒಂದು ಹಳೇ ಕಾಲದ ಅಲರ್ಜಿ ಮಾತ್ರೆ. ನಿದ್ದೆ ಬರಿಸುವ ಇಂಥ ಮಾತ್ರೆಗಳು ವಯಸ್ಸಾದವರಲ್ಲಿ ಮೂತ್ರವನ್ನೂ ಕಟ್ಟುತ್ತವೆ, ತಲೆಯನ್ನೂ ಕೆಡಿಸುತ್ತವೆ. ಮಾತ್ರೆ ನಿಲ್ಲಿಸಿ, ಕ್ಯಾತಿಟರ್ ಹಾಕಿ ಮೂತ್ರ ತೆಗೆದರು. ನಾಲ್ಕನೇ ದಿನ ಅಜ್ಜ ಕನ್ನಡಕ ಕೇಳಿದರು.

ದೇಹ ಎಷ್ಟು ಸೊರಗಿದೆ ಅನ್ನುವುದಕ್ಕೆ ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್ ಇದೆ, 1ರಿಂದ 9ರವರೆಗೆ. 1 ಅಂದರೆ ಗಟ್ಟಿಮುಟ್ಟು, 7 ಅಂದರೆ ಸ್ನಾನ, ಬಟ್ಟೆಗೂ ಪೂರ್ತಿ ಬೇರೆಯವರೇ ಬೇಕು. ಹೊಸಬರು ಇದರಲ್ಲಿ ಮಾಡುವ ತಪ್ಪು ಒಂದೇ. ಎದುರಿಗೆ ಮಲಗಿರುವವರನ್ನು ನೋಡಿ ಅಂಕ ಕೊಡುತ್ತಾರೆ. ಜ್ವರ ಬಂದು ಹಾಸಿಗೆ ಹಿಡಿದಾಗ ಎಲ್ಲರೂ 7ರ ಹಾಗೇ ಕಾಣುತ್ತಾರೆ. ನೋಡಬೇಕಾದ್ದು ಎರಡು ವಾರದ ಹಿಂದೆ ಹೇಗಿದ್ದರು ಅಂತ. ಅದನ್ನೂ "ನಿಮ್ಮ ಕೆಲಸ ನೀವೇ ಮಾಡ್ಕೋತೀರಾ" ಅಂತ ಕೇಳಿದರೆ ಹೂಂ ಅನ್ನದವರನ್ನು ನಾನು ನೋಡಿಲ್ಲ. ಸ್ನಾನಕ್ಕೆ ನೀರು ಯಾರು ಹಿಡಿತಾರೆ, ಗುಂಡಿ ಯಾರು ಹಾಕ್ತಾರೆ, ಕೊನೆಗೆ ಒಬ್ಬರೇ ಹೊರಗೆ ಹೋಗಿದ್ದು ಯಾವಾಗ ಅಂತ ಕೇಳುತ್ತೇನೆ. ಮನೆಯವರನ್ನು ಬೇರೆಯಾಗಿ, ಬಾಗಿಲ ಆಚೆ ಕೇಳುತ್ತೇನೆ. ಎರಡು ಕಥೆ ಕೂಡಿಬರದಿದ್ದರೆ ಎರಡನ್ನೂ ಬರೆಯುತ್ತೇನೆ.

ಬಿಪಿ ವಿಷಯದಲ್ಲಿ ನಾನೂ ಶಾರ್ಟ್‌ಕಟ್ ಹೊಡೆದಿದ್ದೇನೆ. ಐದು ನಿಮಿಷ ಮಲಗಿಸಿ ಒಮ್ಮೆ, ನಿಂತ ಮೇಲೆ 1 ನಿಮಿಷಕ್ಕೆ, 3 ನಿಮಿಷಕ್ಕೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಎದ್ದಾಗ ಬೀಳುವ ಅಪಾಯ ಇದೆ ಅಂತ. ಕೆಲಸ ಜಾಸ್ತಿ ಇದ್ದ ದಿನ ಕೂರಿಸಿ ನೋಡಿ ಮುಗಿಸುತ್ತಿದ್ದೆ. ಹಾಗೆ ಮುಗಿಸಿದ ಒಬ್ಬರು ಅದೇ ರಾತ್ರಿ ಬಾತ್‌ರೂಮಿನ ಬಾಗಿಲಲ್ಲಿ ಕುಸಿದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆಮೇಲೆ ಸರಿಯಾಗಿ ನೋಡಿದರೆ 30 ಇಳಿಯುತ್ತಿತ್ತು.

ನಡಿಗೆಗೆ ಕುರ್ಚಿಯಿಂದ ಎಬ್ಬಿಸಿ, 3 ಮೀಟರ್ ನಡೆಸಿ, ವಾಪಸ್ ಬಂದು ಕೂರುವವರೆಗೆ ಸಮಯ ನೋಡುತ್ತೇವೆ. 12 ಸೆಕೆಂಡ್ ದಾಟಿದರೆ ಎಚ್ಚರ ವಹಿಸಬೇಕು. ಆದರೆ ನನ್ನ ಕಣ್ಣು ಗಡಿಯಾರಕ್ಕಿಂತ ತಿರುಗುವ ಜಾಗದ ಮೇಲೇ ಇರುತ್ತದೆ. ತಡವರಿಸುವುದೆಲ್ಲ ಅಲ್ಲೇ.

ತೂಕ ನೋಡೋಕೆ ಆಗದವರಿಗೆ ಮೀನಖಂಡದ ಸುತ್ತಳತೆ ತೆಗೆಯುತ್ತೇನೆ. 31 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಪೋಷಣೆ ಸಾಲದು ಅನ್ನೋ ಗುಮಾನಿ. ಕಾಲು ಊದಿದ್ದರೆ ಟೇಪನ್ನು ನಂಬಬಾರದು. ವಾಚಿನ ಪಟ್ಟಿಗೆ ಹೊಸದಾಗಿ ತೂತು ಬಿದ್ದಿದೆಯಾ ನೋಡಿ, ಅದು ಸುಳ್ಳು ಹೇಳಲ್ಲ.

ಮೂತ್ರ ಸೋರುವ ವಿಷಯ ಮಾತ್ರ ಪರದೆ ಎಳೆದು, ಎಲ್ಲರನ್ನೂ ಕಳಿಸಿ ಕೇಳಬೇಕು. ಮಗನ ಎದುರು ಯಾರೂ ಹೇಳಲ್ಲ, ಅಲ್ವಾ?

ನೆನಪು, ಬುದ್ಧಿ ನೋಡಲು ಗಡಿಯಾರದ ಚಿತ್ರ ಬರೆಸುವುದನ್ನು ಎಲ್ಲರಿಗೂ ಮಾಡಲ್ಲ. ಜೀವನದಲ್ಲಿ ಪೆನ್ನೇ ಹಿಡಿಯದವರ ಕೈಗೆ ಪೆನ್ನು ಕೊಟ್ಟು ಅಂಕ ಕಳೆದರೆ ಅದು ನಮ್ಮ ತಪ್ಪು.

ಒಂದು ಸಲ ನೋಡಿದರೆ ಸಾಲದು ಅನ್ನೋದು ಕಲಿಯೋಕೆ ನನಗೆ ತುಂಬಾ ದಿನ ಬೇಕಾಯಿತು. ಡೆಲಿರಿಯಂ ಒಂದೇ ದಿನದಲ್ಲಿ ಹೋಗಿ ಬಂದು ಮಾಡುತ್ತದೆ. ಬೆಳಗ್ಗೆ ರೌಂಡ್ಸ್‌ನಲ್ಲಿ 0 ಬಂದವರಿಗೆ ಸಂಜೆ 7 ಬಂದದ್ದಿದೆ. ಬೆಳಗ್ಗೆ ನೋಡಿದ ಡಾಕ್ಟರ್ "ಚೆನ್ನಾಗೇ ಇದ್ದಾರಲ್ಲ" ಅನ್ನುತ್ತಾರೆ. ಅವರು ಹೇಳೋದೂ ಸುಳ್ಳಲ್ಲ. ಅದಕ್ಕೇ ಈಗ ಡ್ಯೂಟಿ ಬದಲಾಗುವಾಗ ಸ್ಕೋರ್ ಜೊತೆ ಎಷ್ಟು ಗಂಟೆಗೆ ನೋಡಿದ್ದು, ಆಗ ಕಿವಿ ಮಿಷನ್ ಹಾಕಿತ್ತಾ ಅನ್ನುವುದನ್ನೂ ಹೇಳಿಯೇ ಹೊರಡುತ್ತೇನೆ.