ಜೀವಕೋಶದ ಒಳಗೆ ಹೊರಗೆ ಏನು ಓಡಾಡುತ್ತದೆ? ಒಂದು ಆಲೂಗಡ್ಡೆಯಲ್ಲಿ ನೋಡುವ ಬಗೆ

ವಿಸರಣೆ (ಕಣಗಳು ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಡುವುದು), ಅಭಿಸರಣೆ (ಪೊರೆಯ ಮೂಲಕ ನೀರು ಸಾಗುವುದು) ಅಂತ ವ್ಯಾಖ್ಯೆ ಬಾಯಿಪಾಠ ಮಾಡಿ ಪರೀಕ್ಷೆ ಮುಗಿಸಿದವರೇ ಜಾಸ್ತಿ. ಅದನ್ನು ಪಕ್ಕಕ್ಕಿಡಿ. ಒಂದು ಹಸಿ ಆಲೂಗಡ್ಡೆ, ಉಪ್ಪು, ನಾಲ್ಕು ಲೋಟ, ಗ್ರಾಂ ತೋರಿಸುವ ಚಿಕ್ಕ ತಕ್ಕಡಿ, ಇಷ್ಟಿದ್ದರೆ ಸಾಕು.

ನಾಲ್ಕೂ ಲೋಟಕ್ಕೆ 100 ಮಿ.ಲೀ. ನೀರು ಹಾಕಿ. ಮೊದಲನೆಯದರಲ್ಲಿ ಬರೀ ನೀರು. ಉಳಿದವಕ್ಕೆ ಕ್ರಮವಾಗಿ 1, 2, 5 ಗ್ರಾಂ ಉಪ್ಪು ಹಾಕಿ ಪೂರ್ತಿ ಕರಗಿಸಿ, ಮೇಲೆ ಚೀಟಿ ಅಂಟಿಸಿ. ಇಲ್ಲದಿದ್ದರೆ ಆಮೇಲೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಆಲೂಗಡ್ಡೆಯ ಸಿಪ್ಪೆ ತೆಗೆಯಲೇಬೇಕು, ಯಾಕೆಂದರೆ ಸಿಪ್ಪೆ ನೀರನ್ನು ಸುಲಭವಾಗಿ ಬಿಡುವುದಿಲ್ಲ. ಬೆರಳಿನ ಹಾಗೆ ಉದ್ದಕ್ಕೆ, ಒಂದೇ ಗಾತ್ರದ ತುಂಡು ಮಾಡಿ. ಎಲ್ಲವೂ ಒಂದೇ ಗೆಡ್ಡೆಯದ್ದಾಗಿರಲಿ. ಪ್ರತಿ ತುಂಡನ್ನೂ ತೂಗಿ, ಬರೆದಿಟ್ಟು, ಲೋಟಕ್ಕೆ ಹಾಕಿ. ಒಂದೆರಡು ಗಂಟೆ ಬಿಟ್ಟು ಹೊರತೆಗೆದು, ಮೇಲಿನ ನೀರನ್ನು ಬಟ್ಟೆಯಿಂದ ಒತ್ತಿ ಒರೆಸಿ ಮತ್ತೆ ತೂಗಿ. ಒರೆಸದೆ ತೂಗಿದರೆ ಅಂಟಿಕೊಂಡ ನೀರಿನ ತೂಕವೂ ಸೇರಿ ಲೆಕ್ಕ ಎಲ್ಲಾ ಹಾಳು.

ಬರೀ ನೀರಿನದ್ದು ಭಾರ ಜಾಸ್ತಿಯಾಗಿ, ಬಗ್ಗಿಸಿದರೆ ಟಕ್ ಅಂತ ಮುರಿಯುತ್ತದೆ. 5 ಗ್ರಾಂ ಉಪ್ಪಿನದ್ದು ತೂಕ ಕಳೆದುಕೊಂಡು ರಬ್ಬರಿನಂತೆ ಬಾಗುತ್ತದೆ. ಎಷ್ಟು ಗ್ರಾಂ ಏರಿತು ಅಂತಲ್ಲ, ಮೊದಲ ತೂಕದ ಶೇಕಡಾ ಎಷ್ಟು ಬದಲಾಯಿತು ಅಂತ ಲೆಕ್ಕ ಹಾಕಿ, ಉಪ್ಪಿನ ಪ್ರಮಾಣದ ಎದುರು ಗ್ರಾಫ್‌ನಲ್ಲಿ ಗೀಟು ಎಳೆಯಿರಿ. ಆ ಗೀಟು ಸೊನ್ನೆ ದಾಟುವ ಜಾಗ ಇದೆಯಲ್ಲ, ಅಲ್ಲಿ ಒಳಗಿನ ದ್ರಾವಣ ಮತ್ತು ಹೊರಗಿನದ್ದು ಹೆಚ್ಚುಕಡಿಮೆ ಸಮ. ನನಗೆ ಇಡೀ ಪ್ರಯೋಗದಲ್ಲಿ ಇಷ್ಟವಾಗುವುದು ಇದೇ. ಕಣ್ಣಿಗೆ ಕಾಣದ ಕೋಶದೊಳಗಿನ ಸಾಂದ್ರತೆಯನ್ನು ಬರೀ ತಕ್ಕಡಿಯಿಂದ ಅಂದಾಜು ಮಾಡಿದ ಹಾಗಾಯಿತು, ಅಲ್ವಾ?

‘ಉಪ್ಪು ನೀರನ್ನು ಎಳೆದುಕೊಂಡಿತು’ ಅಂತ ಹೇಳುವುದುಂಟು. ಆ ಮಾತು ದಾರಿ ತಪ್ಪಿಸುತ್ತದೆ. ನೀರಿನ ಕಣಗಳು ಸುಮ್ನೆ ಎರಡೂ ಕಡೆಗೆ ಓಡಾಡುತ್ತಲೇ ಇರುತ್ತವೆ. ಕರಗಿದ ವಸ್ತು ಜಾಸ್ತಿ ಇರುವ ಕಡೆಯಿಂದ ವಾಪಸ್ ಬರುವ ನೀರು ಕಡಿಮೆ, ಹಾಗಾಗಿ ಒಟ್ಟು ಲೆಕ್ಕದಲ್ಲಿ ನೀರು ಆ ಕಡೆಗೆ ಹೋಗುತ್ತದೆ. ಸಮ ಆದಮೇಲೂ ಓಡಾಟ ನಿಲ್ಲುವುದಿಲ್ಲ, ಹೋದಷ್ಟೇ ಬರುತ್ತದೆ ಅಷ್ಟೇ. ಉಪ್ಪಿಗೆ ಈ ಸಲೀಸು ಇಲ್ಲ. ಕೋಶದ ಪೊರೆ ಎರಡು ಪದರದ ಕೊಬ್ಬಿನದ್ದು. ಆಮ್ಲಜನಕ ಅದರಲ್ಲಿ ನೇರವಾಗಿ ನುಸುಳುತ್ತದೆ, ಆದರೆ ಉಪ್ಪಿನಲ್ಲಿರುವ, ವಿದ್ಯುದಂಶ ಇರುವ ಸೋಡಿಯಂಗೆ ಪ್ರೋಟೀನಿನ ಬಾಗಿಲೇ ಬೇಕು. ನೀರಿಗೂ ಅಕ್ವಾಪೊರಿನ್ ಅನ್ನುವ ಬೇರೆ ಬಾಗಿಲು ಇದೆ. ಅದನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು.

ಬರೀ ನೀರಿನಲ್ಲಿಟ್ಟ ಆಲೂಗಡ್ಡೆ ಒಡೆಯದೆ ಇರುವುದು ಪೊರೆಯ ಹೊರಗಿರುವ ಗಟ್ಟಿ ಕೋಶಭಿತ್ತಿಯಿಂದ. ಕೆಂಪು ರಕ್ತಕಣಕ್ಕೆ ಆ ಭಿತ್ತಿ ಇಲ್ಲ, ಬರೀ ನೀರಿಗೆ ಬಿದ್ದರೆ ಉಬ್ಬಿ ಒಡೆದೇ ಹೋಗುತ್ತದೆ. ಡ್ರಿಪ್‌ನಲ್ಲಿ ಹಾಕುವ ಸಲೈನ್ 0.9% ಉಪ್ಪಿನದ್ದಾಗಿರುವುದು ಇದಕ್ಕೇ.

ಪೊರೆಯ ಕೆಲಸ ಎಷ್ಟು ಅಂತ ನೋಡಬೇಕಾದರೆ ಬೀಟ್‌ರೂಟ್ ತಗೊಳ್ಳಿ. ತುಂಡು ಮಾಡಿ, ಕೊಯ್ದಾಗ ಸೋರಿದ ಬಣ್ಣ ಹೋಗುವವರೆಗೆ ತೊಳೆದು, ಒಂದನ್ನು ತಣ್ಣೀರಿಗೂ ಇನ್ನೊಂದನ್ನು ಕುದಿಯುವ ಬಿಸಿಯ ನೀರಿಗೂ ಹಾಕಿ. ತಣ್ಣೀರು ಹೆಚ್ಚು ಕೆಂಪಾಗುವುದಿಲ್ಲ. ಬಿಸಿನೀರಿನಲ್ಲಿ ಪೊರೆ ಹಾಳಾಗಿ, ಒಳಗೆ ಕೂಡಿಟ್ಟ ಬಣ್ಣವೆಲ್ಲಾ ಹೊರಗೆ.

ಇಲ್ಲಿವರೆಗೆ ಕಂಡಿದ್ದೆಲ್ಲಾ ಶಕ್ತಿ ಖರ್ಚಿಲ್ಲದ ಓಡಾಟ. ಒಂದು ವಸ್ತುವನ್ನು ಅದು ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ತಳ್ಳಬೇಕಾದರೆ ಕೋಶ ಶಕ್ತಿ ಖರ್ಚು ಮಾಡಲೇಬೇಕು, ಹೆಚ್ಚಾಗಿ ಎಟಿಪಿ ಅನ್ನುವ, ಶಕ್ತಿ ಕೂಡಿಟ್ಟ ಅಣುವಿನಿಂದ. ನಮ್ಮ ಕೋಶಗಳ ಸೋಡಿಯಂ-ಪೊಟ್ಯಾಸಿಯಂ ಪಂಪ್ ಒಂದು ಎಟಿಪಿಗೆ 3 ಸೋಡಿಯಂ ಹೊರಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಅದು ಲೋಟದಲ್ಲಿ ಕಾಣುವಂಥದ್ದಲ್ಲ, ಬಿಡಿ.

ಬಾಗಿದ ಆಲೂಗಡ್ಡೆ ತುಂಡನ್ನು ಮಾತ್ರ ಎಸೆಯಬೇಡಿ. ಬರೀ ನೀರಿಗೆ ಹಾಕಿಡಿ. ಮತ್ತೆ ಬಿಗಿಯಾದರೆ ಪೊರೆ ಸರಿಯಾಗಿದೆ ಅಂತ ಅರ್ಥ. ಆಗದಿದ್ದರೆ ಉಪ್ಪುನೀರಿನಲ್ಲಿ ಜಾಸ್ತಿ ಹೊತ್ತು ಬಿಟ್ಟಿರಬಹುದು, ಹೊಸ ತುಂಡು ತಗೊಂಡು ಹೊತ್ತು ಕಡಿಮೆ ಮಾಡಿ ನೋಡಿ.